ಬಲಗಣ್ಣಿನ ಮೇಲಿದ್ದ ಬಿಳಿ ಪದರ

ಸತ್ತವರ ಮನೆಯೊಳಗೆ ಕಾಲಿಟ್ಟ ಕೂಡಲೇ ನಾನು ನೋಡುವುದು ಮೇಲಿನ ಫ್ಯಾನನ್ನು. ಅದು ತಿರುಗುತ್ತಿದ್ದರೆ ನನ್ನ ಅರ್ಧ ಕೆಲಸ ಕೆಟ್ಟಂತೆ. ಗಾಳಿಗೆ ಕಣ್ಣು ಒಣಗುತ್ತದೆ, ಒಣಗಿದ ಕಣ್ಣು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಮಾಲಗಾಂವದ ಆ ತೋಟದ ಮನೆಯಲ್ಲಿ ಫ್ಯಾನು ನಿಂತಿತ್ತು. ಅಜ್ಜನ ತಲೆಯ ಕೆಳಗೆ ಎರಡು ದಿಂಬು ಇಟ್ಟಿದ್ದರು. ಮುಚ್ಚಿದ ರೆಪ್ಪೆಗಳ ಮೇಲೆ ಒದ್ದೆ ಹತ್ತಿಯಿತ್ತು. ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ತಪ್ಪದೆ ಮಾಡಿದ್ದರು. ಬೇರೆ ಯಾರಾದರೂ ಆಗಿದ್ದರೆ ಸಮಾಧಾನಪಡುತ್ತಿದ್ದರು. ನನಗೆ ಅನುಮಾನ ಬಂತು. ಹೇಳಿದ್ದನ್ನೆಲ್ಲ ಮಾಡಿದ ಮನೆಯನ್ನು ನಾನು ಅಲ್ಲಿಯವರೆಗೆ ಕಂಡಿದ್ದು ಕಡಿಮೆ.

ನಾನು ಮರಾಠಿ ಸೀಮೆಯ ಗಡಿಯಲ್ಲಿರುವ ಮಿರಜದ ಒಂದು ಕಣ್ಣಾಸ್ಪತ್ರೆಯ ನೇತ್ರಭಂಡಾರದಲ್ಲಿ ಕೆಲಸ ಮಾಡುತ್ತೇನೆ. ಸತ್ತವರ ಮನೆಗೆ ಹೋಗಿ ಅವರು ದಾನ ಕೊಟ್ಟ ಕಣ್ಣನ್ನು ತರುವುದು ನನ್ನ ಕೆಲಸ. ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ಗೇಟು ದಾಟುವ ಮೊದಲೇ ಹಾಲು ಕಾಸಿ ನೋಡುವ ಗಂಡಸು ಎಂದು ಹೆಂಡತಿ ನನ್ನನ್ನು ಆಡಿಕೊಳ್ಳುತ್ತಾಳೆ. ಆದರೆ ಈ ಕೆಲಸದಲ್ಲಿ ಆ ಗುಣವೇ ಅನ್ನ ಹಾಕುತ್ತದೆ. ಸತ್ತವರು ತಮ್ಮ ರೋಗ ಹೇಳುವುದಿಲ್ಲ, ಬದುಕಿರುವವರು ಹೇಳಬೇಕು. ಅವರು ಏನನ್ನಾದರೂ ಮುಚ್ಚಿಟ್ಟರೆ ಆ ರೋಗ ಇನ್ನೊಬ್ಬರ ಕಣ್ಣಿನೊಳಗೆ ಹೋಗಿ ಕೂರುತ್ತದೆ.

ಹಿಂದಿನ ದಿನ ಸೋಮವಾರ. ಪ್ರತಿ ಸೋಮವಾರದಂತೆ ಕುಪವಾಡದ ಹೆಂಗಸು ಬಂದಿದ್ದಳು. ಅಥಣಿ ಕಡೆಯಿಂದ ಕಬ್ಬು ಕಡಿಯಲು ಬಂದವಳು, ಆಮೇಲೆ ಕುಪವಾಡದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೂಲಿಗೆ ಸೇರಿದ್ದಳು. ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಇನ್ನೊಂದಕ್ಕೆ ಕಬ್ಬಿನ ಗರಿ ಗೀರಿ, ಗಾಯಕ್ಕೆ ಬೂಸ್ಟು ಹಿಡಿದು, ವಾಸಿಯಾಗುವಾಗ ಕಪ್ಪುಗುಡ್ಡೆಯ ಮೇಲೆ ಸುಣ್ಣದಂಥ ಕಲೆ ಉಳಿದಿತ್ತು. ಕಣ್ಣಿನ ಒಳಗೆ ಎಲ್ಲವೂ ಸರಿಯಿತ್ತು. ಮುಂದಿನ ಗಾಜೊಂದೇ ಕೆಟ್ಟಿತ್ತು. ಬೆಳಕು ಕಾಣುತ್ತಿತ್ತು, ಕತ್ತಲೆ ಕಾಣುತ್ತಿತ್ತು, ನಡುವಿನದು ಯಾವುದೂ ಕಾಣುತ್ತಿರಲಿಲ್ಲ. ಕೆಲಸ ಬಿಟ್ಟು ಮಗಳ ಹೆಗಲು ಹಿಡಿದು ಓಡಾಡುತ್ತಿದ್ದಳು.

"ಬಂತೇನ್ರಿ, ಸಾಯೇಬ್ರ?" ಎಂದು ಕೇಳಿದಳು.

"ಇನ್ನಾ ಇಲ್ಲವ್ವ."

"ನನ್ನ ಪಾಳಿ ಬ್ಯಾರೇದಾರಿಗೆ ಕೊಟ್ಟಿಲ್ಲ ಹೌದಲ್ಲ?"

ಕಣ್ಣಿಗಾಗಿ ಕಾಯುತ್ತಿರುವವರ ಯಾದಿಯನ್ನು ಅವಳ ಮಗಳಿಗೆ ತೋರಿಸಿದೆ. ಅವಳ ಹೆಸರು ಎಲ್ಲರಿಗಿಂತ ಮೇಲಿತ್ತು. ಮಗಳು ಓದಿ ಹೇಳಿದಳು. ತಾಯಿ ನಂಬಿದಂತೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಮಾಲಗಾಂವದಿಂದ ಫೋನು ಬಂತು. ಜೈನ ಮನೆತನ, ದ್ರಾಕ್ಷಿ ತೋಟದವರು. ವಾರದಿಂದ ಹಾಸಿಗೆ ಬಿಡದಿದ್ದ ತಂದೆ ಸೂರ್ಯ ಹುಟ್ಟುವ ಹೊತ್ತಿಗೆ ತೀರಿಕೊಂಡರು, ನೇತ್ರದಾನದ ಫಾರ್ಮು ತುಂಬಿದ್ದರು ಎಂದು ಹಿರಿಯ ಮಗ ಮರಾಠಿಯಲ್ಲಿ ಹೇಳಿದ. ನಾನೂ ಮರಾಠಿಯಲ್ಲೇ ಹೇಳಬೇಕಾದ್ದನ್ನು ಹೇಳಿದೆ: ಫ್ಯಾನು ಆರಿಸಿ, ತಲೆ ಎತ್ತರಿಸಿ, ರೆಪ್ಪೆ ಮುಚ್ಚಿ, ಕಣ್ಣು ಒಣಗದಂತೆ ಮೇಲೆ ಒದ್ದೆ ಹತ್ತಿ ಇಡಿ. ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಐಸು ತುಂಬಿದ ಡಬ್ಬಿ, ಉಪಕರಣಗಳ ಎರಡು ಜೊತೆ ಹಿಡಿದು ಆಸ್ಪತ್ರೆಯ ಜೀಪಿನಲ್ಲಿ ಹೊರಟೆ. ಒಂಬತ್ತೂವರೆಗೆ ಅಲ್ಲಿದ್ದೆ.

ಮೊದಲು ಕಾಗದಪತ್ರ. ಮಗ ಒಪ್ಪಿಗೆಗೆ ಸಹಿ ಹಾಕಿದ, ನೆರೆಯ ಇಬ್ಬರು ಸಾಕ್ಷಿ ಹಾಕಿದರು. ಎರಡು ವರ್ಷದಿಂದ ಹೃದಯದ ತೊಂದರೆ, ಕಾಮಾಲೆ ಇಲ್ಲ, ನಾಯಿ ಕಚ್ಚಿದ್ದಿಲ್ಲ, ಜ್ವರವಿಲ್ಲ. ಊರಿನ ಡಾಕ್ಟರರ ಚೀಟಿಯೂ ಇತ್ತು. ಮನೆಯ ಗಂಡಸರನ್ನೆಲ್ಲ ಕೇಳಿದೆ, ಎಲ್ಲದಕ್ಕೂ ಮಗನೇ ಪಟಪಟನೆ ಉತ್ತರಿಸಿದ. ನಡುವೆ ಅವನೇ ಒಂದು ಪ್ರಶ್ನೆ ಕೇಳಿದ: ಇಡೀ ಗುಡ್ಡೆ ಕೀಳುತ್ತೀರೇನು, ಅಪ್ಪನ ಮುಖ ತಗ್ಗು ಬೀಳುತ್ತದೇನು?

ಎಲ್ಲ ಮನೆಗಳಲ್ಲೂ ಹೇಳುವುದನ್ನು ಅಲ್ಲೂ ಹೇಳಿದೆ. ನಾವು ತೆಗೆಯುವುದು ಕಪ್ಪುಗುಡ್ಡೆಯ ಮೇಲೆ ಕೈಗಡಿಯಾರದ ಗಾಜಿನಂತೆ ಕೂತಿರುವ ಕಾರ್ನಿಯಾವನ್ನು ಮಾತ್ರ. ಅದರಲ್ಲಿ ರಕ್ತನಾಳವೇ ಇಲ್ಲ, ಇದ್ದಿದ್ದರೆ ಲೋಕವೆಲ್ಲ ಕೆಂಪು ಗೆರೆಗಳ ಹಿಂದೆ ಕಾಣುತ್ತಿತ್ತು. ಬೆಳಕು ಮೊದಲು ಮುಟ್ಟುವುದು ಅದನ್ನೇ, ಹೆಚ್ಚು ಬಾಗುವುದೂ ಅಲ್ಲೇ. ಆಮೇಲೆ ಪಾಪೆಯ ತೂತಿನಿಂದ ಒಳಗೆ ಹೋಗಿ, ಲೆನ್ಸಿನಲ್ಲಿ ಇನ್ನಷ್ಟು ಬಾಗಿ, ಹಿಂದಿನ ರೆಟಿನಾದ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಅದನ್ನು ನರ ಮಿದುಳಿಗೆ ಒಯ್ಯುತ್ತದೆ, ಮಿದುಳು ನೆಟ್ಟಗೆ ನಿಲ್ಲಿಸುತ್ತದೆ. ನಿಮ್ಮ ತಂದೆಗೆ ಮೋತಿಬಿಂದುವಿನ, ಅಂದರೆ ಕಣ್ಣಿನ ಪೊರೆಯ, ಆಪರೇಶನ್ ಆಗಿ ಪ್ಲಾಸ್ಟಿಕ್ ಲೆನ್ಸು ಕೂತಿದ್ದರೂ ಮುಂದಿನ ಗಾಜು ಇನ್ನೊಬ್ಬರಿಗೆ ಆಗುತ್ತದೆ ಎಂದೆ. ಅವನು ತಲೆಯಾಡಿಸಿದ.

ಮಾತಾಡುವಾಗ ಅವನ ಕೈ ನೋಡಿದೆ. ಉಗುರುಗಳ ಸಂದಿಯಲ್ಲಿ ನೀಲಿ ಬಣ್ಣ ಕೂತಿತ್ತು. ದ್ರಾಕ್ಷಿಗೆ ಮೈಲುತುತ್ತ, ಸುಣ್ಣ ಕಲಸಿ ಹೊಡೆದವರ ಕೈ ಹಾಗಾಗುತ್ತದೆ. ಪಡಸಾಲೆಯ ಮೂಲೆಯಲ್ಲಿ ಔಷಧ ಹೊಡೆಯುವ ಪಂಪು, ಪಕ್ಕದಲ್ಲಿ ಮುಚ್ಚಳವಿಲ್ಲದ ಎರಡು ಡಬ್ಬಿ ಇದ್ದವು. ದ್ರಾಕ್ಷಿ ಬೆಳೆಯುವ ಊರಿನಲ್ಲಿ ಇದೇನು ವಿಶೇಷವಲ್ಲ. ಆದರೂ ಮನಸ್ಸು ಅದನ್ನು ಹಿಡಿದುಕೊಂಡಿತು.

ಎಲ್ಲರನ್ನೂ ಹೊರಗೆ ಕಳಿಸಿ, ಸಾಕ್ಷಿಗೆ ಮಗನನ್ನು ಮಾತ್ರ ಬಾಗಿಲಲ್ಲಿ ನಿಲ್ಲಿಸಿ, ಬಲಗಣ್ಣಿನ ಹತ್ತಿ ಎತ್ತಿದೆ. ರೆಪ್ಪೆ ಬಿಡಿಸಿ ಟಾರ್ಚು ಹಾಕಿದೆ. ಕಾರ್ನಿಯಾದ ಮೇಲೆ ತೆಳ್ಳನೆಯ ಬಿಳಿ ಪದರವೊಂದು ಹರಡಿತ್ತು. ಮೂಗಿನ ಕಡೆಯ ಮೂಲೆಯಲ್ಲಿ ಹಳದಿ ಚುಕ್ಕಿಗಳು, ಜೊತೆಗೆ ಹುಳಿಯೂ ಸಿಹಿಯೂ ಅಲ್ಲದ ಒಂದು ವಾಸನೆ. ಎಡಗಣ್ಣಿನಲ್ಲೂ ಅಂಥದ್ದೇ ಪದರ ಅಂಚಿನಲ್ಲಿ ಸ್ವಲ್ಪ ಇತ್ತು, ನಡುವೆ ಗಾಜು ತಿಳಿಯಾಗಿತ್ತು. ಸತ್ತ ಮೂರು ಗಂಟೆಯಲ್ಲಿ ಕಣ್ಣು ಹೀಗಾಗುವುದಿಲ್ಲ. ಯಾರೋ ಏನನ್ನೋ ಹಾಕಿದ್ದಾರೆ, ಇಲ್ಲವೇ ಏನೋ ಸಿಡಿದಿದೆ.

"ಕಣ್ಣಲ್ಲಿ ಏನು ಹಾಕಿದಿರಿ?" ಎಂದು ಕೇಳಿದೆ.

ಏನೂ ಇಲ್ಲ, ಮೇಲೆ ಒದ್ದೆ ಹತ್ತಿ ಅಷ್ಟೇ ಎಂದ.

"ನಿನ್ನೆ ತೋಟಕ್ಕೆ ಔಷಧ ಹೊಡೆದಿರೇನು?"

ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೊಡೆದದ್ದು ಹೌದು ಎಂದ. ತಂದೆ ಎಲ್ಲಿದ್ದರು? ತೋಟದ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದರು. ವಾರದಿಂದ ಹಾಸಿಗೆ ಬಿಟ್ಟಿಲ್ಲ ಎಂದು ಫೋನಿನಲ್ಲಿ ಹೇಳಿದ್ದಿರಲ್ಲ? ಅವನು ಮೂಲೆಯ ಪಂಪಿನ ಕಡೆ ನೋಡಿದ. ಬೇಸರವೆಂದು ಹಟ ಮಾಡಿದ್ದಕ್ಕೆ ಖುರ್ಚಿ ಸಮೇತ ಹೊತ್ತು ಒಯ್ದಿದ್ದೆವು ಎಂದ. ಆ ಉತ್ತರ ತಡವಾಗಿ ಬಂತು, ತಡವಾಗಿ ಬಂದ ಉತ್ತರವನ್ನು ನಾನು ನಂಬುವುದಿಲ್ಲ.

ನನ್ನ ತಲೆಯಲ್ಲಿ ಲೆಕ್ಕ ಮುಗಿದುಹೋಗಿತ್ತು. ತೋಟದ ಔಷಧ ಕುಡಿದೋ, ಕುಡಿಸಿಯೋ ಸತ್ತವರ ಕಣ್ಣನ್ನು ಮುಟ್ಟುವಂತಿಲ್ಲ. ಸಾವಿನ ಕಾರಣದಲ್ಲಿ ಸಂಶಯವಿದ್ದರೆ ಡಬ್ಬಿ ಮುಚ್ಚಿ ಎದ್ದು ಬರಬೇಕು, ಪೊಲೀಸರಿಗೆ ತಿಳಿಸಬೇಕು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೈಗವಸು ಬಿಚ್ಚಿ, ಈ ಕಣ್ಣು ತೆಗೆಯಲು ಆಗುವುದಿಲ್ಲ ಎಂದೆ.

ಅಲ್ಲಿಯವರೆಗೆ ಮರಾಠಿ ಬಿಡದ ಮನುಷ್ಯ ಸಿಟ್ಟು ಬಂದೊಡನೆ ಕನ್ನಡಕ್ಕೆ ಇಳಿದ.

"ಯಾಕ ಆಗೂದಿಲ್ಲರಿ? ನಮ್ಮಪ್ಪ ತಾನ ಮಿರಜಕ್ಕ ಬಂದು ಸಹಿ ಮಾಡ್ಯಾನ. ನಿನ್ನಿ ರಾತ್ರಿ ನನ್ನ ಕೈ ಹಿಡದು ಹೇಳ್ಯಾನ, ಮರೀಬ್ಯಾಡ ಅಂತ. ಈಗ ನೀವು ಒಲ್ಲೆ ಅಂದ್ರ ನಾ ಅವನ ಮಾರಿ ಹ್ಯಾಂಗ ನೋಡ್ಲಿ? ನನ್ನ ಮ್ಯಾಲ ಏನರ ಸಂಶೇ ಐತೇನ ನಿಮಗ?"

ಕೈ ತೊಳೆಯಬೇಕು ಎಂದೆ.

ಹಿತ್ತಲ ಬಚ್ಚಲ ಕಲ್ಲಿನ ಹತ್ತಿರ ಸೊಸೆ ತಂಬಿಗೆ ಹಿಡಿದು ನಿಂತಿದ್ದಳು. ಆ ಹಿರಿಮಗನ ಹೆಂಡತಿ. ತಲೆಯ ಮೇಲಿನ ಸೆರಗು ಸರಿಯದಂತೆ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ನಾನು ಜೇಬಿನ ಫೋನು ತೆಗೆದು, ಯಾರಿಗೆ ಮೊದಲು ಮಾಡಲಿ, ನಮ್ಮ ಆಸ್ಪತ್ರೆಯ ಮೇಡಂಗೋ ಪೊಲೀಸರಿಗೋ ಎಂದು ಯೋಚಿಸುತ್ತಿದ್ದೆ. ಅವಳು ಕೈಗೆ ನೀರು ಹಾಕುತ್ತ ಬಹಳ ಸಣ್ಣ ದನಿಯಲ್ಲಿ ಮಾತಾಡಿದಳು.

"ಅಣ್ಣಾರ, ಅವರಿಗೆ ಗೊತ್ತಿಲ್ಲರಿ. ಹಾಕಿದಾಕಿ ನಾನು."

"ಏನ ಹಾಕಿದ್ರಿ?"

"ಗಂಧೋದಕ."

ಬಸದಿಯಲ್ಲಿ ಜಿನಮೂರ್ತಿಗೆ ಅಭಿಷೇಕ ಮಾಡಿದ ನೀರು ಅದು. ಜೈನರು ಅದನ್ನು ಹಣೆಗೆ, ನೆತ್ತಿಗೆ, ಕಣ್ಣಿಗೆ ಹಚ್ಚಿಕೊಳ್ಳುತ್ತಾರೆ. ಅಜ್ಜನಿಗೆ ಬಸದಿಗೆ ನಡೆಯಲು ಆಗದಂದಿನಿಂದ ನೆರೆಯವರು ಸಣ್ಣ ಬಟ್ಟಲಿನಲ್ಲಿ ತಂದು ಕೊಡುತ್ತಿದ್ದರು. ದಿನಾ ಬೆಳಿಗ್ಗೆ ಸೊಸೆ ಅದನ್ನು ಮಾವನ ರೆಪ್ಪೆಗೆ ಹಚ್ಚುತ್ತಿದ್ದಳು. ಹಿಂದಿನ ದಿನ ಹಾಲಿನ ಅಭಿಷೇಕ ಆಗಿತ್ತು, ಗಂಧ ಕೇಸರಿ ಬೆರೆತಿತ್ತು. ಉಳಿದದ್ದು ಬಟ್ಟಲಿನಲ್ಲಿ ರಾತ್ರಿಯಿಡೀ ಇತ್ತು. ಬೆಳಿಗ್ಗೆ ಗಂಡ ಫೋನಿನಲ್ಲಿ ಕಣ್ಣು ಒಣಗಬಾರದು ಎಂದು ಯಾರಿಗೋ ಹೂಂಗುಟ್ಟುತ್ತಿದ್ದುದು ಇವಳ ಕಿವಿಗೆ ಬಿದ್ದಿತ್ತು.

"ದಿನಾ ಹಚ್ಚಾಕಿ ನಾನ ಅಲ್ರಿ? ಹೋಗೂ ದಿವಸ ಹ್ಯಾಂಗ ಬಿಡ್ಲಿ ಅನಸ್ತು. ರೆಪ್ಪಿ ತಗದು ಒಳಗ ಬಿಟ್ಟೆ. ಆಮ್ಯಾಲ ನೆನಪಾತು, ಹೆಣಕ್ಕ ಗಂಧೋದಕ ಮುಟ್ಟಿಸಬಾರ್ದು, ಸೂತಕ ಅಂತಾರ ನಮ್ಮ ಹಿರೇರು. ಅದಕ್ಕ ಬಾಯಿ ಬಿಡ್ಲಿಲ್ಲ. ಅವರನ್ನ ಯಾಕ ಕಳ್ಳರಗತೆ ನೋಡ್ತೀರಿ? ಮನ್ಯಾಗ ಹೇಳಬ್ಯಾಡ್ರಿ. ಆದ್ರ ಕಣ್ಣ ಬಿಟ್ಟು ಹೋಗಬ್ಯಾಡ್ರಿ."

ಅವಳ ಮಾತನ್ನೂ ನಾನು ಕೂಡಲೇ ನಂಬಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ. ಗಂಡನನ್ನು ಉಳಿಸಲು ಕಟ್ಟಿದ ಕಥೆಯಾಗಿರಬಹುದಲ್ಲ? ಬಟ್ಟಲು ತೋರಿಸಿ ಎಂದೆ. ಹೂವಿನ ಬುಟ್ಟಿಯ ಕೆಳಗಿಂದ ತಂದಳು. ತಳದಲ್ಲಿ ನಾಲ್ಕಾರು ಹನಿ ಉಳಿದಿದ್ದವು. ಅದೇ ವಾಸನೆ, ಅವೇ ಹಳದಿ ಚುಕ್ಕಿ. ಆಮೇಲೆ ಊರಿನ ಡಾಕ್ಟರರಿಗೆ ಫೋನು ಮಾಡಿದೆ. ಎರಡು ದಿನದ ಹಿಂದೆ ತಾವೇ ಹೃದಯದ ಇಸಿಜಿ ಪಟ್ಟಿ ತೆಗೆದಿದ್ದಾಗಿ, ಇಂದು ನಾಳೆ ಎಂಬಂತಿತ್ತೆಂದು ಮನೆಯವರಿಗೂ ಹೇಳಿದ್ದಾಗಿ ಅವರು ತಿಳಿಸಿದರು. ಬೆಳಿಗ್ಗೆ ಬಂದು ದೇಹ ನೋಡಿದ್ದರು, ವಿಷದ ಗುರುತು ಏನೂ ಇರಲಿಲ್ಲ. ಹಾಗಾದರೆ ಆ ಬಿಳಿ ನಿಜವಾಗಿಯೂ ಹಾಲೇ.

ಸಾವಿನ ಕಾರಣದ ಸಂಶಯ ಹೋಯಿತು. ಇನ್ನೊಂದು ದೊಡ್ಡದಾಗಿ ಎದುರು ನಿಂತಿತು. ರಾತ್ರಿಯಿಡೀ ಇಟ್ಟ ಹಾಲು ಎಂದರೆ ಸೂಕ್ಷ್ಮಜೀವಿಗಳ ಸಂತೆ. ನಮ್ಮ ಮೇಡಂ, ಅಂದರೆ ಕಾರ್ನಿಯಾ ಕೂರಿಸುವ ವೈದ್ಯರು, ಫೋನಿನಲ್ಲಿ ಎಲ್ಲ ಕೇಳಿ ಹೇಳಿದರು: "ತೊಳೆದರೆ ತಿಳಿಯಾಗುತ್ತದೋ ಇಲ್ಲವೋ ನೋಡುವವರು ನೀವು. ತರುವುದೋ ಬಿಡುವುದೋ ನೀವೇ ಹೇಳಿ. ತಂದರೆ ಕಲ್ಚರ್ ವರದಿ ಬರುವವರೆಗೆ ನಾನು ಕೂರಿಸುವುದಿಲ್ಲ."

ಬಿಟ್ಟುಬಿಡುವುದು ಸುಲಭವಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಬಿಟ್ಟರೆ, ಕಣ್ಣು ಕೊಡುವೆನೆಂದು ಮಾತು ಕೊಟ್ಟ ಅಜ್ಜನನ್ನು ಇವರು ಹಾಗೆಯೇ ಸುಡಬೇಕು. ಮುಂದಿನ ಸೋಮವಾರ ಕುಪವಾಡದ ಹೆಂಗಸು ಮತ್ತೆ "ಬಂತೇನ್ರಿ?" ಎನ್ನುತ್ತಾಳೆ, ಬಂದಿತ್ತು ಬಿಟ್ಟೆ ಎನ್ನಬೇಕು. ತೆಗೆಯುತ್ತೇನೆ ಎಂದು ತೀರ್ಮಾನಿಸಿದೆ. ಮಗನಿಗೆ, ಇನ್ನೊಮ್ಮೆ ಪರೀಕ್ಷೆ ಮಾಡಿದೆ, ಆಗುತ್ತದೆ ಎಂದಷ್ಟೇ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

ಎಡಗಣ್ಣನ್ನು ಮೊದಲು ಹಿಡಿದೆ, ಕಡಿಮೆ ಕೆಟ್ಟದ್ದು ಅದೇ. ಸಲೈನಿನಿಂದ ಮೂಲೆಮೂಲೆ ತೊಳೆದೆ, ಅಯೋಡಿನ್ ಔಷಧ ಬಿಟ್ಟು ಗಡಿಯಾರ ನೋಡಿ ಮೂರು ನಿಮಿಷ ಕಾದೆ, ಮತ್ತೆ ತೊಳೆದೆ. ಎಂದೂ ಮಾಡದಂತೆ ಇನ್ನೊಂದು ಸಲ ಇಷ್ಟನ್ನೂ ಮಾಡಿದೆ. ರೆಪ್ಪೆ ಅಗಲಿಸುವ ತಂತಿ ಇಟ್ಟು, ಬಿಳಿಗುಡ್ಡೆಯ ಮೇಲಿನ ತೆಳು ಚರ್ಮವನ್ನು ಸುತ್ತಲೂ ಬಿಡಿಸಿದೆ. ಕಾರ್ನಿಯಾದ ಅಂಚಿನಿಂದ ಸ್ವಲ್ಪ ದೂರದಲ್ಲಿ ಬಿಳಿಗುಡ್ಡೆಗೆ ಸಣ್ಣ ಗೀರು ಹಾಕಿ, ಬಾಗಿದ ಕತ್ತರಿಯಿಂದ ಸುತ್ತು ಬಂದೆ. ಇಲ್ಲಿ ಕೈ ತಪ್ಪಿದರೆ ಮುಗಿಯಿತು. ಕಾರ್ನಿಯಾದ ಒಳಮೈಯಲ್ಲಿ ಜೀವಕೋಶಗಳ ಒಂದೇ ಒಂದು ಸಾಲಿದೆ. ದೋಣಿಯೊಳಗಿನ ನೀರನ್ನು ತೋಡಿ ಹಾಕುವವರ ಹಾಗೆ ಅವು ಹಗಲಿರುಳು ನೀರು ಹೊರಹಾಕುವುದರಿಂದಲೇ ಗಾಜು ತಿಳಿಯಾಗಿರುವುದು. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಬಗ್ಗಿಸದೆ, ಮಡಚದೆ, ಕಣ್ಣೊಳಗಿನ ಕಪ್ಪು ಪದರದಿಂದ ಬಿಡಿಸಿ ಎತ್ತಿ, ಗುಲಾಬಿ ಬಣ್ಣದ ದ್ರವದ ಶೀಷೆಯೊಳಗೆ ಇಳಿಬಿಟ್ಟೆ.

ಬಲಗಣ್ಣಿಗೆ ಕೈಗವಸು ಬದಲಿಸಿದೆ, ಉಪಕರಣಗಳ ಎರಡನೇ ಜೊತೆ ಬಿಚ್ಚಿದೆ. ತೊಳೆದಾಗ ಬಿಳಿ ಪದರ ಎಳೆಯೆಳೆಯಾಗಿ ಎದ್ದು ಬಂತು, ಕೆಳಗೆ ಗಾಜು ಫಳಫಳ ಹೊಳೆಯಿತು. ಎರಡೂ ಕಣ್ಣಿಗೆ ಪ್ಲಾಸ್ಟಿಕ್ಕಿನ ಟೊಪ್ಪಿಗೆ ಇಟ್ಟು ರೆಪ್ಪೆ ಮುಚ್ಚಿದೆ. ಅಜ್ಜ ಮಲಗಿದಂತೆಯೇ ಕಂಡ. ಮಗ ಹತ್ತಿರ ಬಂದು ಬಗ್ಗಿ ನೋಡಿ, "ತಗ್ಗ ಬಿದ್ದಿಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಅತ್ತ. ನಾನು ಅವನ ಹೆಗಲ ಮೇಲೆ ಕೈ ಇಡಬೇಕೆಂದುಕೊಂಡೆ, ಇಡಲಿಲ್ಲ. ಒಂದು ತಾಸಿನ ಹಿಂದೆ ಅವನನ್ನು ಕೊಲೆಗಾರನೆಂದು ತಿಳಿದಿದ್ದ ಕೈ ಅದು.

ಮನೆಯವರು ಸಹಿ ಹಾಕದ ನಮ್ಮ ಒಳಗಿನ ಹಾಳೆಯಲ್ಲಿ, ಕಣ್ಣಿಗೆ ಹಿಂದಿನ ದಿನದ ಹಾಲು ಬೆರೆತ ನೀರು ಬಿದ್ದಿದೆ, ಬಲಕ್ಕೆ ಹೆಚ್ಚು, ಎಡಕ್ಕೆ ಕಡಿಮೆ ಎಂದು ಬರೆದೆ. ಹಾಕಿದ್ದು ಯಾರು ಎಂದು ಬರೆಯಲಿಲ್ಲ.

ಮಿರಜಕ್ಕೆ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಇನ್ನೊಂದು ಫಜೀತಿ. ಎಡದ್ದು ಸಾಧಾರಣವಿತ್ತು, ಕೆಲಸಕ್ಕೆ ಆಗುವಷ್ಟು ಕೋಶಗಳಿದ್ದವು. ಬಲದ್ದು ನೋಡಲು ಬಹಳ ಚೆಂದ. ಆ ವಯಸ್ಸಿನವರಲ್ಲಿ ಅಷ್ಟು ಒತ್ತೊತ್ತಾದ ಕೋಶಗಳನ್ನು ನಾನು ಕಂಡಿದ್ದೇ ಅಪರೂಪ. ಮೇಡಂ ಎರಡು ಸಲ ಕಣ್ಣಿಟ್ಟು ನೋಡಿ, ಇದನ್ನು ಬಿಡಲು ಮನಸ್ಸಾಗುವುದಿಲ್ಲ ಎಂದರು. ಇಷ್ಟು ಚೆಂದ ಕಾಣುವುದೇ ನನಗೆ ಸೇರುತ್ತಿಲ್ಲ ಎಂದೆ. ಅವರು ನಕ್ಕರು. ಸೂಕ್ಷ್ಮಜೀವಿ ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಗೆ ಅಂಚಿನ ಚೂರುಗಳು ಸಾಂಗ್ಲಿಯ ಪ್ರಯೋಗಾಲಯಕ್ಕೆ ಹೋದವು. ನಮ್ಮ ಗುಲಾಬಿ ದ್ರವದಲ್ಲಿ ಕಾರ್ನಿಯಾ ಉಳಿಯುವುದು ನಾಲ್ಕು ದಿನ. ವರದಿಗೆ ಎರಡು ಮೂರು ದಿನ ಬೇಕು. ಶನಿವಾರ ಬೆಳಿಗ್ಗೆ ದಾಟಿದರೆ ಎರಡೂ ವ್ಯರ್ಥ.

ಬುಧವಾರ ಸಾಂಗ್ಲಿಗೆ ಮೂರು ಸಲ ಫೋನು ಮಾಡಿದೆ. ಗುರುವಾರ ಸಂಜೆ ಅವರೇ ಮಾಡಿದರು. ಬಲಗಣ್ಣಿನ ತಟ್ಟೆಯಲ್ಲಿ ಸೂಕ್ಷ್ಮಜೀವಿ ಬೆಳೆದಿತ್ತು. ಎಡಗಣ್ಣಿನದು ಖಾಲಿ. ನಿಮ್ಮ ತಟ್ಟೆಗಳು ಅದಲುಬದಲಾಗಿಲ್ಲವಷ್ಟೇ ಎಂದು ಕೇಳಿದೆ. ಅಲ್ಲಿನವನಿಗೆ ಸಿಟ್ಟು ಬಂತು, ಆದರೂ ಚೀಟಿ ಮತ್ತೆ ಓದಿ ಹೇಳಿದ. ಶುಕ್ರವಾರ ಬೆಳಿಗ್ಗೆ ಬಂದ ಎರಡನೇ ವರದಿಯೂ ಅದನ್ನೇ ಹೇಳಿತು. ಆ ಸುಂದರವಾದ ಬಲದ ಕಾರ್ನಿಯಾ ಹೊಲಿಗೆ ಕಲಿಯುವ ಎಳೆಯ ವೈದ್ಯರ ಮೇಜಿಗೆ ಹೋಯಿತು.

ಎಡದ್ದು ಶುಕ್ರವಾರ ಮಧ್ಯಾಹ್ನ ಕುಪವಾಡದ ಹೆಂಗಸಿನ ಕಣ್ಣಿನಲ್ಲಿ ಕೂತಿತು, ಕೂದಲಿಗಿಂತ ಸಣ್ಣ ದಾರದ ಹದಿನಾರು ಹೊಲಿಗೆಯೊಂದಿಗೆ. ಎಂಟು ದಿನ ನನಗೆ ಊಟ ಸೇರಲಿಲ್ಲ. ಅವಳು ಕಣ್ಣು ಉಜ್ಜಿದರೆ ಟಾರ್ಚು ಹಿಡಿದು ಓಡುತ್ತಿದ್ದೆ, ಕೀವು ಬಂತೇನೋ ಎಂದು. ಬರಲಿಲ್ಲ. ಮೂರನೇ ವಾರ ತಪಾಸಣೆಯ ಕೋಣೆಯಲ್ಲಿ ಕಿಟಕಿಯ ಸರಳು ಎಷ್ಟು ಎಂದು ಮೇಡಂ ಕೇಳಿದರು. ಅವಳು ಎಣಿಸಿ ಏಳು ಎಂದಳು. ಆಮೇಲೆ ಯಾರೂ ಹೇಳದೆ ಎದ್ದು ಹೋಗಿ, ಒಂದೊಂದೇ ಸರಳನ್ನು ಕೈಯಿಂದ ಮುಟ್ಟಿ ಮತ್ತೆ ಎಣಿಸಿದಳು. "ಏಳ ಅದಾವ" ಎಂದು ಮಗಳಿಗೆ ಹೇಳಿದಳು.

ದಾನ ಕೊಟ್ಟ ಮನೆಗೆ ಸನ್ಮಾನಪತ್ರ ಒಯ್ದು ಕೊಡುವುದು ನಮ್ಮಲ್ಲಿ ರೂಢಿ. ಆ ವಾರವೇ ಮಾಲಗಾಂವಕ್ಕೆ ಹೋದೆ. ಪಡೆದವರ ಹೆಸರು ಊರು ಹೇಳುವಂತಿಲ್ಲ ಎಂದು ಮೊದಲೇ ಹೇಳಿದೆ. ಮಗ ಪತ್ರವನ್ನು ಎರಡೂ ಕೈಯಿಂದ ತೆಗೆದುಕೊಂಡು, "ಎರಡೂ ಕೆಲಸಕ್ಕ ಬಂದ್ವೇನ್ರಿ?" ಎಂದ. ಬಂದವು ಎಂದೆ. ಅದು ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ. ಮಾಫಿ ಕೇಳಬೇಕೆಂದು ಹೋಗಿದ್ದೆ, ಅವನು ಚಹಾ ತರಿಸಿ, ದ್ರಾಕ್ಷಿ ತರಿಸಿ ಎದುರಿಗಿಟ್ಟ. ಅದನ್ನು ಕೇಳದೆಯೇ ಚಹಾ ಕುಡಿದೆ.

ಹೊರಡುವಾಗ ಸೊಸೆ ಒಂದು ಬುಟ್ಟಿ ಹಿಡಿದು ಜೀಪಿನವರೆಗೂ ಬಂದಳು. ಗಂಡ ಹಿಂದೆ ದೂರದಲ್ಲಿದ್ದ.

"ಬಲಗಣ್ಣ ಹೋಗಲಿಲ್ಲ, ಹೌದಲ್ರಿ?"

ನಾನು ಬೆಚ್ಚಿಬಿದ್ದೆ. "ಯಾರ ಹೇಳಿದ್ರು?"

"ಯಾರು ಹೇಳಬೇಕ್ರಿ? ಬಲಗಣ್ಣಿಗೆ ಪೂರಾ ಬಿಟ್ಟಿದ್ದೆ. ಎಡಗಣ್ಣಿನ ರೆಪ್ಪಿ ತಗಿಯೂ ಹೊತ್ತಿಗೆ ಕೈ ನಡಗಿ ಗಲ್ಲದ ಮ್ಯಾಲ ಚೆಲ್ಲಿತು. ಅವತ್ತ ನೀವು ಮನ್ಯಾಗಿನ ಎಲ್ಲಾ ಗಂಡಸರ್ನ ಕೇಳಿದ್ರಿ. ವರ್ಷಗಟ್ಲೆ ಅವರ ಕಣ್ಣ ಒರಿಸಿದಾಕಿ ನಾನು. ನನ್ನ ಕೇಳಲಿಲ್ಲ."

ಅವಳಿಗೆ ಸುಳ್ಳು ಹೇಳಲಾಗಲಿಲ್ಲ. ಬಲಗಣ್ಣು ಕಲಿಯುವವರ ಕೈಗೆ ಹೋಯಿತು, ಎಡಗಣ್ಣು ಒಬ್ಬ ಹೆಣ್ಣುಮಗಳಿಗೆ ಕೂತಿದೆ ಎಂದೆ.

"ಆಕಿಗೆ ಕಾಣಸ್ತೈತೇನ್ರಿ?"

"ಕಾಣಸ್ತೈತ್ರಿ."

ಬುಟ್ಟಿಯನ್ನು ಸೀಟಿನ ಮೇಲಿಟ್ಟಳು. "ಖರೇನ ಕಾಣಸ್ತೈತಿ?"

"ಖರೇನ."

ಜೀಪು ಶುರುವಾಯಿತು. ಅವಳು ಬಾಗಿಲಿನ ಮೇಲಿನ ಕೈ ತೆಗೆಯಲಿಲ್ಲ. ನನ್ನ ಮುಖವನ್ನೇ, ನಾನು ಅಂದು ಅವಳ ಗಂಡನ ಮುಖ ನೋಡಿದ ಹಾಗೆ, ಕಣ್ಣು ಪಿಳುಕಿಸದೆ ನೋಡುತ್ತ ಮೂರನೇ ಸಲ ಕೇಳಿದಳು. ನಾನು ಮೂರನೇ ಸಲ ಹೌದೆಂದೆ, ಕೈ ತೆಗೆಯುವವರೆಗೆ ಕಾದೆ.